ಕ್ಲೈಡ್ ತೀರದ ಹಡಗು ಕಾರ್ಮಿಕರ ಅಪೂರ್ವ ಹೋರಾಟ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮೂಲಕ ಹರಿಯುವ ಕ್ಲೈಡ್ ನದಿಯ ಇಕ್ಕೆಲಗಳು ಒಂದು ಕಾಲದಲ್ಲಿ ಹಡಗು ನಿರ್ಮಾಣಕ್ಕೆ ವಿಶ್ವವಿಖ್ಯಾತವಾಗಿದ್ದವು. ‘ಕ್ವೀನ್ ಮೇರಿ’ಯಂತಹ ಬೃಹತ್ ಪ್ರಯಾಣಿಕ ಹಡಗುಗಳು ಇಲ್ಲಿನ ಕ್ಲೈಡ್‌ಬ್ಯಾಂಕಿನಲ್ಲಿ ರೂಪುಗೊಂಡವು. ಎರಡನೆಯ ಮಹಾಯುದ್ಧದ ತರುವಾಯ ಜಪಾನ್ ಮೊದಲಾದ ದೇಶಗಳು ಕಡಿಮೆ ವೆಚ್ಚದಲ್ಲಿ, ಶೀಘ್ರವಾಗಿ ಹಡಗುಗಳನ್ನು ಕಟ್ಟತೊಡಗಿದಾಗ, ಹಳೆಯ ಸಲಕರಣೆಗಳನ್ನೇ ನೆಚ್ಚಿದ್ದ ಕ್ಲೈಡ್ ತೀರದ ಸಂಸ್ಥೆಗಳು ಸೊರಗಿದವು.

1966ರ ಗೆಡ್ಡಿಸ್ ಸಮಿತಿಯ ಶಿಫಾರಸನ್ನು ಅನುಸರಿಸಿ, 1968ರಲ್ಲಿ ಐದು ಸಂಸ್ಥೆಗಳು ವಿಲೀನಗೊಂಡು ‘ಅಪ್ಪರ್ ಕ್ಲೈಡ್ ಶಿಪ್‌ಬಿಲ್ಡರ್ಸ್’ ಜನ್ಮ ತಾಳಿತು. ಸರಕಾರವೂ ಇದರಲ್ಲಿ ಪಾಲುದಾರನಾಗಿತ್ತು. ಆದರೆ ಹಿಂದಿನ ಒಪ್ಪಂದಗಳ ನಷ್ಟದ ಹೊರೆಯೂ ಹೊಸ ಸಂಸ್ಥೆಯ ಹೆಗಲೇರಿತು. ಕೈತುಂಬ ಕೆಲಸವಿದ್ದರೂ ದಿನನಿತ್ಯದ ವ್ಯವಹಾರಕ್ಕೆ ಹಣವಿರಲಿಲ್ಲ. 1971ರ ಜೂನ್‌ನಲ್ಲಿ ಸಂಸ್ಥೆ ಕೋರಿದ 60 ಲಕ್ಷ ಪೌಂಡುಗಳ ಸಾಲವನ್ನು ಪ್ರಧಾನಿ ಎಡ್ವರ್ಡ್ ಹೀತ್ ಅವರ ಸರಕಾರ ನಿರಾಕರಿಸಿತು, ಸಂಸ್ಥೆ ದಿವಾಳಿಯಾಯಿತು. ಸುಮಾರು 8,500 ನೌಕರರಲ್ಲಿ 6,000 ಮಂದಿ ಬೀದಿಪಾಲಾಗುವ ಪರಿಸ್ಥಿತಿ ಉಂಟಾಯಿತು.

ಮುಚ್ಚಲು ಹೊರಟ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದರೆ ಮುಚ್ಚುವವರಿಗೇ ಅನುಕೂಲವಲ್ಲವೇ? ಇದನ್ನರಿತ ಜಿಮ್ಮಿ ರೀಡ್, ಜಿಮ್ಮಿ ಏರ್ಲಿ ಮೊದಲಾದ ಕಾರ್ಮಿಕ ಮುಖಂಡರು ಹೊಸ ಹಾದಿ ತುಳಿದರು. ಕೆಲಸದಿಂದ ತೆಗೆಯಲ್ಪಟ್ಟವರೂ ಎಂದಿನಂತೆ ಬಂದು ದುಡಿಯತೊಡಗಿದರು! ಇವರ ವೇತನಕ್ಕಾಗಿ ಸಹೋದ್ಯೋಗಿಗಳು ಹಾಗೂ ಸಾರ್ವಜನಿಕರು ಹೋರಾಟ ನಿಧಿಗೆ ಹಣ ನೀಡಿದರು. ಗಾಯಕ ಜಾನ್ ಲೆನ್ನನ್ ಅವರೂ ದೇಣಿಗೆ ಕಳುಹಿಸಿದರು. ದಾಂಧಲೆಯಾಗಲಿ, ಮದ್ಯಪಾನವಾಗಲಿ ಸಲ್ಲದು, ಜಗತ್ತೇ ನಮ್ಮನ್ನು ನೋಡುತ್ತಿದೆ ಎಂದು ರೀಡ್ ಎಚ್ಚರಿಸಿದ್ದರು. 1971ರ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ನಡೆದ ಮೆರವಣಿಗೆಯಲ್ಲಿ ಸುಮಾರು 80,000 ಜನ ಪಾಲ್ಗೊಂಡರು.

ಕೊನೆಗೆ ಸರಕಾರ ಮಣಿಯಿತು. 1972ರ ಫೆಬ್ರವರಿಯಲ್ಲಿ 3.5 ಕೋಟಿ ಪೌಂಡುಗಳ ನೆರವು ಘೋಷಣೆಯಾಯಿತು. ‘ಗೋವನ್ ಶಿಪ್‌ಬಿಲ್ಡರ್ಸ್’ ಎಂಬ ಹೊಸ ಸಂಸ್ಥೆ ಸ್ಥಾಪನೆಯಾಯಿತು. ಕ್ಲೈಡ್‌ಬ್ಯಾಂಕ್ ಘಟಕವು ತೈಲಬಾವಿ ಕೊರೆಯುವ ವೇದಿಕೆಗಳ ನಿರ್ಮಾಣಕ್ಕಾಗಿ ಅಮೆರಿಕದ ಮ್ಯಾರಥಾನ್ ಸಂಸ್ಥೆಯ ಪಾಲಾಯಿತು.

ಆದರೆ ಅವನತಿಯನ್ನು ಸಂಪೂರ್ಣವಾಗಿ ತಡೆಯಲಾಗಲಿಲ್ಲವೆಂಬುದೂ ಸತ್ಯ. ಕ್ಲೈಡ್‌ಬ್ಯಾಂಕ್ ಘಟಕ 2001ರಲ್ಲಿ ಮುಚ್ಚಿತು. ಅಲ್ಲಿನ ‘ಟೈಟನ್’ ಕ್ರೇನ್ ಸ್ಮಾರಕವಾಗಿ ಉಳಿದಿದೆ. ರೀಡ್ 2010ರಲ್ಲಿ ನಿಧನರಾದರು. ಗೋವನ್‌ನಲ್ಲಿ ಮಾತ್ರ ಇಂದಿಗೂ ಬ್ರಿಟಿಷ್ ನೌಕಾಪಡೆಯ ಯುದ್ಧನೌಕೆಗಳು ನಿರ್ಮಾಣವಾಗುತ್ತಿವೆ. ದುಡಿಯುವ ಹಕ್ಕನ್ನು ದುಡಿಮೆಯಿಂದಲೇ ಪ್ರತಿಪಾದಿಸಿದ ಆ ಕಾರ್ಮಿಕರ ಹೋರಾಟಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.