ನೀರಿನ ಮಟ್ಟದ ಅಳತೆ

ನೀರಿನ ಮೇಲ್ಮೈ ಒಂದು ಗೊತ್ತಾದ ನೆಲೆಯಿಂದ ಎಷ್ಟು ಎತ್ತರದಲ್ಲಿದೆ, ಹೊತ್ತು ಕಳೆದಂತೆ ಎಷ್ಟು ಏರಿಳಿದಿದೆ ಎಂಬುದನ್ನು ದಾಖಲಿಸುವ ವಿಧಾನ. ಕೆರೆಯ ಕೋಡಿಯಿಂದ ಕಂಪ್ಯೂಟರಿನ ಕಣ ಮಾದರಿಯವರೆಗೆ ಇದರ ಚರಿತ್ರೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ಮಟ್ಟವನ್ನು ಯಾವ ಗುರುತಿನಿಂದ ನಿರ್ಧರಿಸಬೇಕು?

ಕೆರೆಗಳಲ್ಲಿ: ವೇಮಗಲ್, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿರುವ ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಬೇಸಾಯ ನಿಂತದ್ದು ಕೆರೆಗಳ ಮೇಲೆ. ಅಲ್ಲಿ ಮಟ್ಟಕ್ಕೆ ಎರಡು ಗುರುತು. ಕೋಡಿ ಹರಿದರೆ ಕೆರೆ ತುಂಬಿದಂತೆ. ತೂಬಿನ ಬಾಯಿಗಿಂತ ಕೆಳಗೆ ನೀರು ಇಳಿದರೆ ಗದ್ದೆಗೆ ಬಿಡಲು ಏನೂ ಉಳಿದಿಲ್ಲ. ಇವೆರಡರ ನಡುವಿನ ನೀರನ್ನು ನೋಡಿ ನೀರುಗಂಟಿ ಸರದಿ ಹಂಚುತ್ತಿದ್ದ. ಸಾಲುಕೆರೆಗಳಲ್ಲಿ ಮೇಲಿನ ಕೆರೆಯ ಕೋಡಿ ಹರಿದ ಮೇಲೆಯೇ ಕೆಳಗಿನದಕ್ಕೆ ಪಾಲು. ಮೇಲಿನವರು ಎಷ್ಟು ನೀರು ತಡೆಯಬಹುದು ಎಂಬುದು ರಾಜ್ಯಗಳ ನಡುವಿನ ತಕರಾರೂ ಆಯಿತು. ಪಾಲಾರ್ ಸೇರಿದಂತೆ ಹೆಸರಿಸಿದ ನದಿಗಳಿಗೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದೆಂದು 1892ರ ಒಪ್ಪಂದ ವಿಧಿಸಿತು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ತಂದ ಕೆ.ಸಿ. ವ್ಯಾಲಿ ಯೋಜನೆಯೂ ಕೆರೆಯಿಂದ ಕೆರೆಗೆ ಹರಿಯುವ ಹಳೆಯ ಕ್ರಮವನ್ನು ಬಳಸಿಕೊಂಡಿದೆ.

ಯಂತ್ರ ಮತ್ತು ಪ್ರಯೋಗಾಲಯ: ತೇಲುಬುರುಡೆಗೆ ಲೇಖನಿ ಜೋಡಿಸಿ ಉಬ್ಬರವಿಳಿತವನ್ನು ತಾನಾಗಿ ಬರೆದಿಡುವ ಯಂತ್ರ 1831ರಲ್ಲಿ ಇಂಗ್ಲೆಂಡಿನ ಶೀರ್‌ನೆಸ್‌ನಲ್ಲಿ ಬಂತು. ಕರ್ನಾಟಕದಲ್ಲಿ ಮಟ್ಟವೆಂದರೆ ಜನರ ಬಾಯಲ್ಲಿರುವುದು ಕೃಷ್ಣರಾಜಸಾಗರದ ಗರಿಷ್ಠ 124.80 ಅಡಿ. ಅದೇ ಊರಿನಲ್ಲಿ 1944ರಲ್ಲಿ ಆರಂಭವಾದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಅಣೆಕಟ್ಟುಗಳ ಕಿರು ಮಾದರಿಗಳನ್ನು ಕಟ್ಟಿ ನೀರು ಹರಿಸಿ ಪರೀಕ್ಷಿಸುತ್ತದೆ. ಇಂಥ ಮಾದರಿಗಳಲ್ಲಿ ಮಟ್ಟ ಓದುವ ಸರಳ ಸಾಧನ, ನೀರಿಗೆ ತಾಗುವವರೆಗೆ ಇಳಿಸುವ ಸೂಜಿ ಮೊನೆ.

ಕಣ ಮಾದರಿಗಳಲ್ಲಿ: 1965ರಲ್ಲಿ ಲಾಸ್ ಅಲಾಮೋಸ್‌ನ ಹಾರ್ಲೋ ಮತ್ತು ವೆಲ್ಷ್ ಕಂಪ್ಯೂಟರ್ ಲೆಕ್ಕದಲ್ಲಿ ಗುರುತುಕಣಗಳನ್ನು ಹರಿಯಬಿಟ್ಟು ನೀರಿನ ಮೇಲ್ಮೈಯನ್ನು ಹಿಂಬಾಲಿಸಿದರು. 1977ರಲ್ಲಿ ಲೂಸಿ ಹಾಗೂ ಗಿಂಗೋಲ್ಡ್–ಮೊನಾಘನ್ ಖಗೋಳ ಲೆಕ್ಕಗಳಿಗಾಗಿ ರೂಪಿಸಿದ ಎಸ್‌ಪಿಎಚ್ (ಸ್ಮೂತ್ಡ್ ಪಾರ್ಟಿಕಲ್ ಹೈಡ್ರೊಡೈನಮಿಕ್ಸ್) ವಿಧಾನವನ್ನು 1994ರಲ್ಲಿ ಮೊನಾಘನ್ ತೆರೆದ ಮೇಲ್ಮೈಯ ನೀರಿಗೆ ಅನ್ವಯಿಸಿದರು. ಇಲ್ಲಿ ನೀರೆಂದರೆ ಕಣಗಳ ಗುಂಪು. ಮೇಲ್ಮೈ ಎಂಬ ಗೆರೆ ಎಲ್ಲೂ ಇರುವುದಿಲ್ಲ. ಆದ್ದರಿಂದ ಒಂದು ಜಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಬಿಂದುಗಳನ್ನಿಟ್ಟು, ಪ್ರತಿಯೊಂದರ ಸುತ್ತಲಿನ ಕಣಗಳ ಪಾಲನ್ನು ಕೂಡುತ್ತಾರೆ. ನೀರಿನೊಳಗೆ ಬಿಂದುವಿನ ಸುತ್ತಲೂ ಕಣಗಳಿರುತ್ತವೆ. ಮೇಲ್ಮೈಯಲ್ಲಿ ಮೇಲಿನರ್ಧ ಖಾಲಿ. ಹಾಗಾಗಿ ಮೊತ್ತ ಸುಮಾರು ಅರ್ಧಕ್ಕೆ ಇಳಿದ ಎತ್ತರವೇ ನೀರಿನ ಮಟ್ಟ. ಪ್ರತಿ ಕ್ಷಣಕ್ಕೂ ಈ ಲೆಕ್ಕ ಮಾಡಿದರೆ ಏರಿಳಿತದ ರೇಖೆ ಸಿಗುತ್ತದೆ.

ಅಲೆ ಮಗುಚಿದಾಗ ಒಂದೇ ಜಾಗದಲ್ಲಿ ಎರಡು ಮೂರು ಮೇಲ್ಮೈಗಳು ಬರುತ್ತವೆ. ಚಿಮ್ಮಿದ ಹನಿಯನ್ನು ಲೆಕ್ಕಕ್ಕೆ ಹಿಡಿದರೆ ಮಟ್ಟ ಸುಳ್ಳೇ ಏರುತ್ತದೆ. ಕಣಗಳ ನಡುವಿನ ಅಂತರಕ್ಕಿಂತ ಸೂಕ್ಷ್ಮವಾದ ಏರಿಳಿತವನ್ನು ನಂಬುವಂತಿಲ್ಲ. ಆ ಅಂತರವನ್ನೂ ಮೊತ್ತ ಎಷ್ಟಕ್ಕೆ ಇಳಿದರೆ ಮೇಲ್ಮೈ ಎಂದು ಆಯ್ದ ಮಿತಿಯನ್ನೂ ಜೊತೆಗೆ ನಮೂದಿಸಿದಾಗ ಮಾತ್ರ ಇಂಥ ಅಳತೆಯನ್ನು ಪ್ರಯೋಗಾಲಯದ ಅಳತೆಯೊಂದಿಗೆ ಹೋಲಿಸಬಹುದು.