ಕ್ಲಬ್ಬಿನ ಮೇಜು, ಕಟ್ಟೆಯ ಹಲಗೆ

ವಿಜಯಪುರದಿಂದ ಬಬಲೇಶ್ವರದ ಕಡೆ ಹೊರಟರೆ ದಾರಿಯಲ್ಲಿ ಸಾರವಾಡ ಸಿಗುತ್ತದೆ. ಡೋಣಿ ನದಿಯ ಕರಿಮಣ್ಣಿನ ಸೀಮೆ. ರಂಜಾನಿನ ರಾತ್ರಿ ತರಾವೀಹ್ ಮುಗಿದ ಮೇಲೆ ಈ ಕಡೆಯ ಓಣಿಗಳಲ್ಲಿ ಬಲ್ಬಿನ ಕೆಳಗೆ ಕೇರಂ ಬೋರ್ಡು ಬೀಳುವುದನ್ನು ನಾವು ಚಿಕ್ಕಂದಿನಿಂದ ಕಂಡವರು. ಆಡುವವರು ನಾಲ್ವರು, ಹೇಳಿಕೊಡುವವರು ಹದಿನಾಲ್ಕು ಮಂದಿ. ಹಿರಿಯರು ಯಾರಾದರೂ ಹಾದುಹೋದರೆ 'ಕೆಲಸಿಲ್ಲೇನ್ರೋ ನಿಮಗ?' ಎಂಬ ಮಾತು ತಪ್ಪುತ್ತಿರಲಿಲ್ಲ. ಆ ಗದರಿಕೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆಟದ ಚರಿತ್ರೆಯನ್ನು ನೋಡಿದರೆ, ದೋಷ ಹಲಗೆಯಲ್ಲಿದೆಯೋ ಅದರ ಸುತ್ತ ನಿಂತವರಲ್ಲಿದೆಯೋ ಎಂದು ಕೇಳಬೇಕಾಗುತ್ತದೆ.

ಕೇರಂನ ಸಿರಿವಂತ ಸೋದರ ಬಿಲಿಯರ್ಡ್ಸ್. 12 ಅಡಿ ಉದ್ದದ ಮೇಜು, ಹಸಿರು ಬಟ್ಟೆಯ ಕೆಳಗೆ ಕಲ್ಲಿನ ಹಾಸು. ಅದನ್ನಿಡಲು ದೊಡ್ಡ ಕೋಣೆಯೇ ಬೇಕು. ಹೀಗಾಗಿ ಅದು ನಮ್ಮ ದೇಶದಲ್ಲಿ ಅರಮನೆ, ಸೇನೆಯ ಮೆಸ್ಸು ಮತ್ತು ಕ್ಲಬ್ಬುಗಳಲ್ಲೇ ಉಳಿಯಿತು. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಸ್ನೂಕರ್ ಆಟ ಹುಟ್ಟುಹಾಕಿದನೆಂದು ಹೇಳುತ್ತಾರೆ. ಅದರ ನಿಯಮಗಳು ರೂಪುಗೊಂಡು ಗೋಡೆಗೇರಿದ್ದು ನಮ್ಮ ನೆರೆಯ ಊಟಿಯ ಕ್ಲಬ್ಬಿನಲ್ಲಿ. ಆ ಕೋಣೆಗಳಲ್ಲಿ ಆಡುವವರು ಸಾಹೇಬರು, ಅಂಕ ಬರೆಯುವ 'ಮಾರ್ಕರ್' ನಮ್ಮವ. ಬೆಂಗಳೂರಿನಲ್ಲಿ ಭಾರತೀಯರಿಗೆಂದು ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಸ್ಥಾಪಿಸಿದ್ದು 1917ರಲ್ಲಿ.

ಬಾಗಿಲು ತೆರೆದಾಗ ಏನಾಯಿತು? 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಚಾಂಪಿಯನ್ ಆದರು. 2003ರಲ್ಲಿ ಬೆಂಗಳೂರಿನಲ್ಲಿ ಬೆಳೆದ ಹುಡುಗ ಪಂಕಜ್ ಅಡ್ವಾಣಿ ಚೀನಾದಲ್ಲಿ ವಿಶ್ವ ಸ್ನೂಕರ್ ಗೆದ್ದಾಗ ವಯಸ್ಸು 18. ಕರ್ನಾಟಕದ ಚಿತ್ರಾ ಮಗಿಮೈರಾಜ್ 2006 ಮತ್ತು 2007ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ತಂದರು.

ಆದರೂ ಈ ಆಟ ಸಾಮಾನ್ಯರ ಕೈಗೆ ಬಂದದ್ದು ಚಿಕ್ಕ ಮೇಜಿನಿಂದ. ಅಮೆರಿಕದಲ್ಲಿ ಬೆಳೆದ 'ಎಯ್ಟ್ ಬಾಲ್' ಪೂಲ್‌ಗೆ ಏಳರಿಂದ ಒಂಬತ್ತು ಅಡಿಯ ಮೇಜು ಸಾಕು. ಒಬ್ಬನಿಗೆ 1ರಿಂದ 7ರವರೆಗಿನ ಒಂದೇ ಬಣ್ಣದ ಚೆಂಡು, ಇನ್ನೊಬ್ಬನಿಗೆ 9ರಿಂದ 15ರವರೆಗಿನ ಪಟ್ಟೆ ಚೆಂಡು. ತನ್ನ ಏಳನ್ನೂ ಹಾಕಿದ ಮೇಲಷ್ಟೇ ಕಪ್ಪು 8ಕ್ಕೆ ಕೈಯಿಡಬೇಕು, ಅವಸರಪಟ್ಟು ಮೊದಲೇ ಹಾಕಿದರೆ ಆಟವೇ ಸೋತಂತೆ. ಕೇರಂ ಬಲ್ಲವರಿಗೆ ಇದೇನೂ ಹೊಸದಲ್ಲ. ನಮಗೆ ಒಂಬತ್ತು ಬಿಳಿ, ಒಂಬತ್ತು ಕಪ್ಪು, ನಡುವೆ ಕೆಂಪು ರಾಣಿ. ರಾಣಿ ಬಿದ್ದರೂ ಕವರ್ ಕೊಡದಿದ್ದರೆ ನಮ್ಮದಲ್ಲ.

1979ರಲ್ಲಿ ಅಮೆರಿಕದ ಇಬ್ಬರು ವೃತ್ತಿಪರ ಆಟಗಾರರು ಹವ್ಯಾಸಿಗಳಿಗಾಗಿ ಒಂದು ಪೂಲ್ ಲೀಗ್ ಕಟ್ಟಿದರು. ಅದರಲ್ಲಿ ಪ್ರತಿಯೊಬ್ಬರಿಗೂ ಸಾಮರ್ಥ್ಯಕ್ಕೆ ತಕ್ಕ ಅಂಕವಿರುತ್ತದೆ. ಎಯ್ಟ್ ಬಾಲ್‌ನಲ್ಲಿ 2ರಿಂದ 7. ಏಳರವನು ಎರಡರವನ ಎದುರು ಕುಳಿತರೆ ಅವನು ಏಳು ಆಟ ಗೆಲ್ಲಬೇಕು, ಎರಡರವನಿಗೆ ಎರಡೇ ಸಾಕು. ಒಂದು ಪಂದ್ಯದಲ್ಲಿ ಆಡುವ ಐವರ ಒಟ್ಟು ಅಂಕ 23 ದಾಟುವಂತಿಲ್ಲ. ಆದ್ದರಿಂದ ಬರೀ ಪಳಗಿದವರನ್ನೇ ತುಂಬಿಕೊಳ್ಳಲು ಬರುವುದಿಲ್ಲ, ಕಲಿಯುವವನನ್ನೂ ಜೊತೆಗಿಟ್ಟುಕೊಳ್ಳಲೇಬೇಕು. ದಿನವಿಡೀ ದುಡಿದು ಸಂಜೆ ಬರುವವನಿಗೂ ಅಲ್ಲಿ ಜಾಗವುಂಟು. ನಮ್ಮ ಕಟ್ಟೆಯ ಆಟಕ್ಕೆ ಇಲ್ಲದಿರುವುದು ಈ ಕಟ್ಟುಪಾಡು.

ಹಿರಿಯರ ಭಯಕ್ಕೂ ಉತ್ತರ ಕೊಡಬೇಕು. ಕುರ್‌ಆನ್ ಜೂಜನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಚಹಾದ ಪಣದಿಂದ ಶುರುವಾದದ್ದು ನೂರು, ಐನೂರಕ್ಕೆ ಏರಿ, ಕಡೆಗೆ ಮನೆಯ ಪಾತ್ರೆ ಪಡಗ ಹೋದ ಕತೆಗಳು ನಮ್ಮ ಓಣಿಗಳಲ್ಲೂ ಇವೆ. ನಮಾಜು, ಓದು, ದುಡಿಮೆ ಮರೆಸುವ ಆಟ ಯಾವುದಾದರೂ ಕೆಟ್ಟದ್ದೇ. ಆದರೆ ಪಣವನ್ನು ಓಡಿಸಲು ಹೋಗಿ ನಾವು ಆಟವನ್ನೇ ಓಡಿಸಿದೆವು. ಹುಡುಗರು ಆಟ ಬಿಡಲಿಲ್ಲ, ಹಿರಿಯರ ಕಣ್ಣಿಗೆ ಬೀಳದ ಜಾಗ ಹುಡುಕಿಕೊಂಡರು. ಪಣ ಬೆಳೆದದ್ದು ಅಲ್ಲಿಯೇ.

ಹುಡುಗಿಯರ ಪಾಡು ಬೇರೆ. ಅವರಿಗೆ ಕಟ್ಟೆಯೂ ಇಲ್ಲ, ಮರೆಯ ಜಾಗವೂ ಇಲ್ಲ. ಮದುವೆಮನೆಯಲ್ಲಿ ತಮ್ಮಂದಿರ ಬೋರ್ಡು ಸಿಕ್ಕರೆ ಒಂದು ಗಳಿಗೆ ಆಡಿಯಾರು, ಅಷ್ಟೇ. 2024ರ ನವೆಂಬರಿನಲ್ಲಿ ಚೆನ್ನೈನ 17ರ ಹುಡುಗಿ ಎಂ. ಖಾಜಿಮಾ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದಳು. ತಂದೆ ಆಟೋ ಓಡಿಸುವವರು. ಅದೇ ಚೆನ್ನೈನಲ್ಲಿ 1988ರಲ್ಲಿ ಅಂತರರಾಷ್ಟ್ರೀಯ ಕೇರಂ ಒಕ್ಕೂಟ ಹುಟ್ಟಿತ್ತು, ಅಲ್ಲಿಯವರೇ ಆದ ಮರಿಯಾ ಇರುದಯಂ 1991 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಕಲಿಸುವ ಹಿರಿಯರು, ಹೊಂದಿಕೊಂಡ ವೇಳೆ, ಬರೆದಿಟ್ಟ ನಿಯಮ ಇದ್ದಲ್ಲಿ ಆಟೋದವರ ಮಗಳೂ ಜಗತ್ತಿನ ಮುಂದೆ ನಿಲ್ಲುತ್ತಾಳೆ.

ಸಾರವಾಡದಂಥ ಊರಿಗೆ ಪೂಲ್ ಮೇಜು ದೂರದ ಮಾತು. ಕೇರಂ ಬೋರ್ಡು ಹಾಗಲ್ಲ. ಒಂದು ಶಾಲೆಯ ಕೋಣೆ, ನಾಲ್ಕು ಬೋರ್ಡು, ಸಾಮರ್ಥ್ಯದ ಅಂಕ ಬರೆದ ಒಂದು ವಹಿ, ಹುಡುಗಿಯರಿಗೆ ಅವರದೇ ವೇಳೆ. ಪಣ ಕಟ್ಟಿದವನಿಗೆ ಆ ಹಂಗಾಮು ಆಟವಿಲ್ಲ. ಆ ವಹಿ ಬರೆಯಲು, 'ಕೆಲಸಿಲ್ಲೇನ್ರೋ' ಎಂದು ಗದರುತ್ತಿದ್ದ ಹಿರಿಯರನ್ನೇ ನಾವು ಕೂಡಿಸಬೇಕು.