ಕೈದಿಗಳ ವಸಾಹತಿನ ಶಸ್ತ್ರವೈದ್ಯ: ಡಾರ್ಸಿ ವೆಂಟ್‌ವರ್ತ್ ಮತ್ತು ಅವನ ಮನೆತನ

1789ರ ಡಿಸೆಂಬರ್ 9ರಂದು ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಕಟಕಟೆಯಲ್ಲಿ ಇಪ್ಪತ್ತೇಳು ವರ್ಷದ ಐರಿಷ್ ವೈದ್ಯನೊಬ್ಬ ನಿಂತಿದ್ದ. ಆರೋಪ ಹೆದ್ದಾರಿ ದರೋಡೆ, ರುಜುವಾತಾದರೆ ನೇಣು. ಇಂಥದೇ ಆರೋಪವನ್ನು ಅವನು 1787ರಲ್ಲಿಯೂ ಎದುರಿಸಿ ಪಾರಾಗಿದ್ದ. ಈ ಸಲವೂ ನ್ಯಾಯದರ್ಶಿಗಳು ಅವನನ್ನು ನಿರಪರಾಧಿಯೆಂದರು. ಆಗ ವಕೀಲರೊಬ್ಬರು ಎದ್ದು, ಆಪಾದಿತನು ಆಸ್ಟ್ರೇಲಿಯದ ಬಾಟನಿ ಬೇಗೆ ಹೊರಟಿರುವ ಹಡಗುಗಳಲ್ಲಿ ಸಹಾಯಕ ಶಸ್ತ್ರವೈದ್ಯನಾಗಿ ಹೋಗಲಿದ್ದಾನೆಂದು ನ್ಯಾಯಾಲಯಕ್ಕೆ ಅರಿಕೆ ಮಾಡಿಕೊಂಡರು. ಕೈದಿಯಾಗಿ ಹೋಗಬಹುದಾಗಿದ್ದ ಊರಿಗೆ ಡಾರ್ಸಿ ವೆಂಟ್‌ವರ್ತ್ ಸ್ವತಂತ್ರ ಮನುಷ್ಯನಾಗಿ ಹೊರಟದ್ದು ಹೀಗೆ.

ಆಸ್ಟ್ರೇಲಿಯದ ಆರಂಭಕಾಲದ ಚರಿತ್ರೆಯಲ್ಲಿ ಅವನನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಚಿತ್ರಿಸಲಾಗಿದೆ. ಒಂದರಲ್ಲಿ ಅವನು ಮುಖ್ಯ ಶಸ್ತ್ರವೈದ್ಯ, ಪೊಲೀಸ್ ಮುಖ್ಯಸ್ಥ, ಮೊದಲ ಬ್ಯಾಂಕಿನ ಸ್ಥಾಪಕರಲ್ಲೊಬ್ಬ. ಇನ್ನೊಂದರಲ್ಲಿ ತಪ್ಪಿಸಿಕೊಂಡ ದರೋಡೆಕೋರ. ಎರಡು ಚಿತ್ರಗಳಲ್ಲೂ ಅವನ ಮನೆಯೊಳಗಿನ ಬಾಳು ಅಂಚಿಗೆ ಸರಿದಿದೆ. ಕೈದಿ ಮತ್ತು ಸ್ವತಂತ್ರ ಎಂಬ ಗೆರೆಯ ಮೇಲೆ ಇಡೀ ವಸಾಹತು ನಿಂತಿತ್ತು. ಆ ಗೆರೆ ಈ ವೈದ್ಯನ ಮನೆಯ ಒಳಗೇ ಹಾದುಹೋಗಿತ್ತು. ಅವನನ್ನೂ ಅವನ ಮಗನನ್ನೂ ಅರಿಯಬೇಕಾದರೆ ಅಲ್ಲಿಂದಲೇ ಶುರುಮಾಡಬೇಕೆಂಬುದು ಈ ಲೇಖನದ ವಾದ.

ಡಾರ್ಸಿ ಹುಟ್ಟಿದ್ದು 1762ರಲ್ಲಿ, ಐರ್ಲೆಂಡಿನ ಆರ್ಮಾ ಪ್ರಾಂತದ ಪೋರ್ಟಡೌನ್‌ನಲ್ಲಿ. ತಂದೆ ಅಲ್ಲಿ ಒಂದು ವಸತಿಗೃಹ ನಡೆಸುತ್ತಿದ್ದ. ಇಂಗ್ಲೆಂಡಿನ ಅತಿ ಸಿರಿವಂತ ಶ್ರೀಮಂತರಲ್ಲೊಬ್ಬನಾದ ಫಿಟ್ಜ್‌ವಿಲಿಯಂ ಅರ್ಲ್‌ನ ವಂಶಕ್ಕೂ ಈ ಕುಟುಂಬಕ್ಕೂ ದೂರದ ನೆಂಟಸ್ತನವಿತ್ತು. ಹೆಸರು ದೊಡ್ಡದು, ಕೈಯಲ್ಲಿ ಕಾಸಿಲ್ಲ ಎಂಬ ಈ ಸ್ಥಿತಿ ಅವನ ಸ್ವಭಾವವನ್ನು ರೂಪಿಸಿತು. ಊರಿನ ಸಮೀಪದಲ್ಲೇ ವೈದ್ಯನೊಬ್ಬನ ಬಳಿ ಕೆಲಸ ಕಲಿತು ಲಂಡನ್ನಿಗೆ ಬಂದ. ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯನಾಗಲು ಬೇಕಾದ ಪರೀಕ್ಷೆಯನ್ನೂ ಮುಗಿಸಿದ. ನೇಮಕಾತಿಗಾಗಿ ಕಾಯುತ್ತಲೇ ಶ್ರೀಮಂತರ ಸಹವಾಸದಲ್ಲಿ ಬಿದ್ದು ಸಾಲಗಾರನಾದ. ಕಂಪನಿಯ ಕೆಲಸ ಬೇಗ ಸಿಕ್ಕಿದ್ದರೆ ಬಹುಶಃ ಅವನ ಹೆಸರು ಮದರಾಸಿನದೋ ಕಲ್ಕತ್ತೆಯದೋ ದಾಖಲೆಗಳಲ್ಲಿ ಉಳಿಯುತ್ತಿತ್ತು.

ಅವನು ಹತ್ತಿದ ಹಡಗು ‘ನೆಪ್ಚೂನ್’. ಇತಿಹಾಸದಲ್ಲಿ ‘ಎರಡನೆಯ ನೌಕಾದಂಡು’ ಎನಿಸಿಕೊಂಡ ಹಡಗುಗಳಲ್ಲಿ ಇದು ಅತ್ಯಂತ ಘೋರವಾದದ್ದು. ಕೈದಿಗಳನ್ನು ಸಾಗಿಸುವ ಗುತ್ತಿಗೆ ಹಿಡಿದಿದ್ದ ಕ್ಯಾಮ್ಡೆನ್, ಕ್ಯಾಲ್ವರ್ಟ್ ಮತ್ತು ಕಿಂಗ್ ಸಂಸ್ಥೆ ಗುಲಾಮರ ವ್ಯಾಪಾರದಲ್ಲಿ ಪಳಗಿದ್ದು. ಹಡಗು ಹತ್ತಿದ ಪ್ರತಿ ಕೈದಿಯ ತಲೆಗೆ 17 ಪೌಂಡ್ 7 ಷಿಲಿಂಗ್ 6 ಪೆನ್ಸ್‌ನಂತೆ ಸರ್ಕಾರ ಹಣ ಕೊಡುತ್ತಿತ್ತು. ಅವನು ಜೀವಂತ ಇಳಿದನೇ ಎಂಬ ಷರತ್ತು ಇರಲಿಲ್ಲ. ಸತ್ತವನ ಪಾಲಿನ ಪಡಿ ಉಳಿತಾಯವಾಗುತ್ತಿತ್ತು. ಸಾವಿನಲ್ಲಿ ಲಾಭವಿರುವ ಇಂಥ ಕರಾರಿಗೆ ಸಹಿ ಹಾಕಿದ ಅಧಿಕಾರಿಗಳ ಹೊಣೆಯೂ ಕಪ್ತಾನನ ಹೊಣೆಯಷ್ಟೇ ದೊಡ್ಡದು. ನೆಪ್ಚೂನ್ ಹತ್ತಿದ ಸುಮಾರು 500 ಕೈದಿಗಳಲ್ಲಿ 158 ಮಂದಿ ದಾರಿಯಲ್ಲೇ ಸತ್ತರು. 1790ರ ಜೂನ್ ಕೊನೆಯಲ್ಲಿ ಹಡಗು ಸಿಡ್ನಿ ಮುಟ್ಟಿದಾಗ ಉಳಿದವರಲ್ಲಿ ಹಲವರು ನಡೆಯಲಾರದೆ ತೆವಳಿದರು. ಸ್ಕರ್ವಿ, ರಕ್ತಭೇದಿ, ಜ್ವರ ಎಲ್ಲವೂ ಒಟ್ಟಿಗೇ. ಮುಖ್ಯ ಶಸ್ತ್ರವೈದ್ಯ ಜಾನ್ ವೈಟ್ ಡೇರೆಗಳನ್ನು ಹಾಕಿಸಿ ನೂರಾರು ರೋಗಿಗಳನ್ನು ಮಲಗಿಸಬೇಕಾಯಿತು. ಕಪ್ತಾನ ಡೊನಾಲ್ಡ್ ಟ್ರೇಲ್‌ನ ಮೇಲೆ ಮುಂದೆ ಲಂಡನ್ನಿನಲ್ಲಿ ಕೊಲೆ ಮೊಕದ್ದಮೆ ನಡೆದು, ಅವನೂ ಖುಲಾಸೆಯಾದ.

ಆ ಹಡಗಿನಲ್ಲಿಯೇ ಕ್ಯಾಥರಿನ್ ಕ್ರೌಲಿ ಇದ್ದಳು. 1788ರ ಜುಲೈನಲ್ಲಿ ಸ್ಟಾಫರ್ಡ್ ನ್ಯಾಯಾಲಯ ಉಡುಪುಗಳನ್ನು ಕದ್ದ ಅಪರಾಧಕ್ಕಾಗಿ ಅವಳಿಗೆ ಏಳು ವರ್ಷಗಳ ದ್ವೀಪಾಂತರ ಶಿಕ್ಷೆ ವಿಧಿಸಿತ್ತು. ಅವಳ ಬಗ್ಗೆ ದಾಖಲೆಗಳು ಹೇಳುವುದು ಬಹಳ ಕಡಿಮೆ: ಶಿಕ್ಷೆಯ ನಮೂದು, ಹಡಗಿನ ಪಟ್ಟಿ, ಮಕ್ಕಳ ಹುಟ್ಟು, ಸಾವು. ಅವಳ ದನಿ ಎಲ್ಲಿಯೂ ಇಲ್ಲ. ಆದರೂ ಈ ತುಣುಕುಗಳನ್ನು ಜೋಡಿಸಿದರೆ ಒಂದು ಬಾಳಿನ ಗೆರೆ ಕಾಣಿಸುತ್ತದೆ. ಡಾರ್ಸಿಯೂ ಅವಳೂ ಹಡಗಿನಲ್ಲಿ ಜೊತೆಯಾದರು. ಸಿಡ್ನಿಯಲ್ಲಿ ಕೆಲವೇ ವಾರ ಇದ್ದು ಇಬ್ಬರೂ ‘ಸರ್ಪ್ರೈಸ್’ ಎಂಬ ಹಡಗಿನಲ್ಲಿ ನಾರ್ಫೋಕ್ ದ್ವೀಪಕ್ಕೆ ಹೊರಟರು. ಆ ಆಗಸ್ಟ್ ತಿಂಗಳಲ್ಲಿ ಕ್ಯಾಥರಿನ್ ಗಂಡುಮಗುವಿಗೆ ಜನ್ಮವಿತ್ತಳು. ಅದೇ ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್. ತಿಂಗಳ ಲೆಕ್ಕ ಹಾಕಿ ತಂದೆ ಡಾರ್ಸಿಯೇ ಹೌದೋ ಎಂದು ಶಂಕಿಸಿದವರುಂಟು. ಡಾರ್ಸಿ ಆ ಮಗುವನ್ನು ತನ್ನ ಮಗನೆಂದು ಒಪ್ಪಿಕೊಂಡು, ತನ್ನ ಹೆಸರು ಕೊಟ್ಟು, ಕಡೆಯವರೆಗೂ ಹಾಗೆಯೇ ನಡೆಸಿಕೊಂಡ. ಮನೆತನದ ಚರಿತ್ರೆಗೆ ಅಷ್ಟು ಸಾಕು.

ನಾರ್ಫೋಕ್‌ನಲ್ಲಿ ಅದು ಹಸಿವಿನ ಕಾಲ. 1790ರ ಮಾರ್ಚ್‌ನಲ್ಲಿ ‘ಸಿರಿಯಸ್’ ಎಂಬ ನೌಕೆ ಅಲ್ಲಿನ ಬಂಡೆಗಳಿಗೆ ಬಡಿದು ಒಡೆದಿತ್ತು. ಜನ ಪಿಟ್ ಬೆಟ್ಟದ ಮೇಲೆ ಗೂಡುಕಟ್ಟುತ್ತಿದ್ದ ಕಡಲಹಕ್ಕಿಗಳನ್ನು ಸಾವಿರಗಟ್ಟಲೆ ಹಿಡಿದು ತಿಂದು ಜೀವ ಉಳಿಸಿಕೊಂಡಿದ್ದರು. ಡಾರ್ಸಿ ಇಲ್ಲಿ ಆಸ್ಪತ್ರೆಯ ಸಹಾಯಕನಾದ; 1791ರಿಂದ ಕೈದಿಗಳ ಮೇಲ್ವಿಚಾರಣೆಯೂ ಅವನ ಪಾಲಿಗೆ ಬಂತು. ಗಾಯಕ್ಕೆ ಕಟ್ಟು ಹಾಕುವ ಕೈಯೇ ಕೆಲಸಕ್ಕೆ ಹಚ್ಚುವ ಕೈಯೂ ಆಯಿತು. ದ್ವೀಪದಲ್ಲಿ ಅವನು ಜಮೀನು ಸಾಗುವಳಿ ಮಾಡಿದ, ಹಂದಿ ಸಾಕಿದ, ಸರ್ಕಾರಿ ಉಗ್ರಾಣಕ್ಕೆ ಧಾನ್ಯ ಮತ್ತು ಮಾಂಸ ಮಾರಿದ. ಇನ್ನಿಬ್ಬರು ಗಂಡುಮಕ್ಕಳು ಹುಟ್ಟಿದರು: ತಂದೆಯ ಹೆಸರನ್ನೇ ಹೊತ್ತ ಡಾರ್ಸಿ, ಆಮೇಲೆ ಜಾನ್. 1795ಕ್ಕೆ ಕ್ಯಾಥರಿನ್‌ಳ ಏಳು ವರ್ಷದ ಶಿಕ್ಷೆ ಮುಗಿಯಿತು. 1796ರ ಆರಂಭದಲ್ಲಿ ಕುಟುಂಬ ಸಿಡ್ನಿಗೆ ಮರಳಿದಾಗ ಅವಳು ಸ್ವತಂತ್ರ ಹೆಂಗಸು. ಆದರೆ ಅವರ ಮದುವೆ ಆಗಲೇ ಇಲ್ಲ. ನಾಲ್ಕು ವರ್ಷ ಕಳೆದು, 1800ರ ಜನವರಿಯಲ್ಲಿ, ಪ್ಯಾರಾಮಟ್ಟದಲ್ಲಿ ಅವಳು ತೀರಿಕೊಂಡಳು. ಹಿರಿಯ ಮಗನಿಗೆ ಆಗ ಒಂಬತ್ತು ವರ್ಷ.

ವಸಾಹತಿನ ವೈದ್ಯರ ಮಟ್ಟಿಗೆ ಇದು ಅಪರೂಪದ ಸಂಸಾರವಾಗಿರಲಿಲ್ಲ. ಜಾನ್ ವೈಟ್‌ನಿಗೆ ರೇಚಲ್ ಟರ್ನರ್ ಎಂಬ ಕೈದಿ ಹೆಂಗಸಿನಿಂದ ಮಗನಿದ್ದ. ವಿಲಿಯಂ ಬಾಲ್ಮೇನ್ ಮಾರ್ಗರೆಟ್ ಡಾಸನ್ ಎಂಬ ಕೈದಿಯೊಂದಿಗೆ ಬಾಳಿದ. ವೈಟ್ ತಾಯ್ನಾಡಿಗೆ ಹಿಂದಿರುಗಿದ. ಮಗ ಆಂಡ್ರ್ಯೂವನ್ನೂ ಬಾಲ್ಯದಲ್ಲೇ ಇಂಗ್ಲೆಂಡಿಗೆ ಕರೆಸಿಕೊಳ್ಳಲಾಯಿತು, ತಾಯಿ ಸಿಡ್ನಿಯಲ್ಲೇ ಉಳಿದಳು. ಆ ಹುಡುಗ ಬೆಳೆದು ಸೇನೆಯ ಎಂಜಿನಿಯರನಾಗಿ ವಾಟರ್ಲೂ ಕದನದಲ್ಲಿ ಭಾಗವಹಿಸಿ, 1823ರಲ್ಲಿ ಸಿಡ್ನಿಗೆ ಬಂದು ತಾಯಿಯನ್ನು ಕಂಡ. ವೆಂಟ್‌ವರ್ತ್ ಬೇರೆಯಾಗಿ ನಿಲ್ಲುವುದು ಒಂದು ಕಾರಣಕ್ಕೆ: ಅವನು ಹಿಂದಿರುಗಿ ಹೋಗಲಿಲ್ಲ. ಮಕ್ಕಳನ್ನು ಮಾತ್ರ ಓದಲು ಕಳಿಸಿದ. 1803ರ ಸುಮಾರಿಗೆ ಮೊದಲಿಬ್ಬರು ಗಂಡುಮಕ್ಕಳು ಇಂಗ್ಲೆಂಡಿಗೆ ಹೋದರು. ಫಿಟ್ಜ್‌ವಿಲಿಯಂನ ಆಪ್ತನಾದ ಚಾರ್ಲ್ಸ್ ಕುಕ್ನಿ ಅವರ ಯೋಗಕ್ಷೇಮ ನೋಡಿಕೊಂಡ. ವಿಲಿಯಂಗೆ ಸೈನಿಕ ಅಕಾಡೆಮಿಯಲ್ಲೂ ಈಸ್ಟ್ ಇಂಡಿಯಾ ಕಂಪನಿಯಲ್ಲೂ ಸ್ಥಾನ ಸಿಗದೆ 1810ರಲ್ಲಿ ಅವನು ಊರಿಗೆ ಮರಳಿದ.

ಅಷ್ಟರಲ್ಲಿ ತಂದೆಯ ನಸೀಬು ಒಮ್ಮೆ ಬಿದ್ದು ಎದ್ದಿತ್ತು. ಆಸ್ಪತ್ರೆಯ ಕೈದಿಗಳನ್ನು ಸ್ವಂತ ಕೆಲಸಕ್ಕೆ ಬಳಸಿಕೊಂಡನೆಂದು ಗವರ್ನರ್ ಬ್ಲೈ 1807ರಲ್ಲಿ ಅವನನ್ನು ಅಮಾನತು ಮಾಡಿದ್ದ. 1808ರ ಜನವರಿ 26ರಂದು ಸೈನ್ಯ ಬ್ಲೈಯನ್ನೇ ಪದಚ್ಯುತಗೊಳಿಸಿದಾಗ ವೈದ್ಯ ದಂಗೆಕೋರರ ಪಕ್ಷದಲ್ಲಿದ್ದ. ಹೊಸ ಗವರ್ನರ್ ಲಾಕ್ಲನ್ ಮಕ್ವಾರಿ 1810ರಲ್ಲಿ ಅಧಿಕಾರ ವಹಿಸಿಕೊಂಡ. ಕನ್ನಡನಾಡಿನ ಚರಿತ್ರೆಯ ಅಂಚಿನಲ್ಲೂ ಈ ಮಕ್ವಾರಿ ಇದ್ದಾನೆ: 1792 ಮತ್ತು 1799ರ ಶ್ರೀರಂಗಪಟ್ಟಣದ ಮುತ್ತಿಗೆಗಳೆರಡರಲ್ಲೂ ಅವನು ಬ್ರಿಟಿಷ್ ಪಡೆಯಲ್ಲಿದ್ದ, ಟಿಪ್ಪುವಿನ ಪತನದ ನಂತರ ಹಂಚಿದ ಲೂಟಿಯಲ್ಲಿ ಅವನಿಗೂ ಪಾಲು ಸಿಕ್ಕಿತ್ತು.

ಸಿಡ್ನಿಯ ಆಸ್ಪತ್ರೆ ಆಗ ಡೇರೆಗಳ ಮತ್ತು ಮುರುಕಲು ಕಟ್ಟಡಗಳ ಗುಂಪು. ಹೊಸದಕ್ಕೆ ಲಂಡನ್ ಹಣ ಕೊಡಲೊಲ್ಲದು. 1810ರ ನವೆಂಬರಿನಲ್ಲಿ ಮಕ್ವಾರಿ ಮೂವರೊಂದಿಗೆ ಕರಾರು ಮಾಡಿಕೊಂಡ: ವ್ಯಾಪಾರಿಗಳಾದ ಗಾರ್ನಮ್ ಬ್ಲಾಕ್ಸೆಲ್, ಅಲೆಕ್ಸಾಂಡರ್ ರೈಲಿ ಮತ್ತು ಡಾರ್ಸಿ ವೆಂಟ್‌ವರ್ತ್. ಅವರು ಆಸ್ಪತ್ರೆ ಕಟ್ಟಿಕೊಡಬೇಕು. ಪ್ರತಿಯಾಗಿ ಮೂರು ವರ್ಷ 45,000 ಗ್ಯಾಲನ್ ಮದ್ಯ ಆಮದು ಮಾಡುವ ವಿಶೇಷ ಹಕ್ಕು. ಮುಂದೆ ಈ ಪ್ರಮಾಣವನ್ನು 60,000 ಗ್ಯಾಲನ್‌ಗೆ ಏರಿಸಲಾಯಿತು. ಜನ ಅದನ್ನು ‘ರಮ್ ಆಸ್ಪತ್ರೆ’ ಎಂದೇ ಕರೆದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಡಾರ್ಸಿ ಆಗ ವಸಾಹತಿನ ಮುಖ್ಯ ಶಸ್ತ್ರವೈದ್ಯ, ಅಂದರೆ ಆಸ್ಪತ್ರೆಯನ್ನು ನಡೆಸಬೇಕಾದವನು. ಅವನೇ ಅದರ ಗುತ್ತಿಗೆದಾರ. ಮದ್ಯದ ಸುಂಕ ಜಮೆಯಾಗುತ್ತಿದ್ದ ಪೊಲೀಸ್ ನಿಧಿಯ ಖಜಾಂಚಿಯೂ ಅವನೇ. ಕುಡಿದು ಗಲಾಟೆ ಮಾಡಿದವರನ್ನು ಹಿಡಿದು ವಿಚಾರಿಸುವ ಪೊಲೀಸ್ ಮುಖ್ಯಸ್ಥ ಮತ್ತು ಮ್ಯಾಜಿಸ್ಟ್ರೇಟನೂ ಅವನೇ. ವಿದ್ಯಾವಂತರ ಕೊರತೆಯಿಂದ ಒಬ್ಬರಿಗೇ ಹಲವು ಹುದ್ದೆ ಕೊಡಬೇಕಾಗಿತ್ತೆಂಬ ಸಮರ್ಥನೆಯಲ್ಲಿ ಸ್ವಲ್ಪ ನಿಜವಿದೆ. ಆದರೆ ಆ ಕೊರತೆ ಅವನ ಖಜಾನೆಗೆ ಅನುಕೂಲವಾಗಿಯೇ ಒದಗಿತೆಂಬುದೂ ನಿಜ. ಬೆಲೆ ತೆತ್ತವರು ರೋಗಿಗಳು. 1816ರಲ್ಲಿ ತೆರೆದ ಆ ಭವ್ಯ ಕಟ್ಟಡದ ಸುತ್ತ ಅಗಲವಾದ ಜಗಲಿಗಳಿದ್ದವು. ಒಳಗೆ ರೋಗಿಗಳು ಮಲಗಿದ ಕೋಣೆಯಲ್ಲೇ ತಮ್ಮ ಪಡಿಯನ್ನು ಬೇಯಿಸಿಕೊಳ್ಳುತ್ತಿದ್ದರು. ಸಂಜೆಯಾದರೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ, ಅವನೂ ಕೈದಿಯಾಗಿ ಬಂದವನೇ, ಕಟ್ಟಡದ ಲೋಪಗಳನ್ನು ಪಟ್ಟಿ ಮಾಡಿ ವರದಿ ಕೊಟ್ಟ.

ಆಸ್ಪತ್ರೆಯ ನಿತ್ಯದ ವೈದ್ಯಕೀಯ ಭಾರವನ್ನು ಬಹುಪಾಲು ಹೊತ್ತವನು ಸಹಾಯಕ ವಿಲಿಯಂ ರೆಡ್‌ಫರ್ನ್. 1797ರ ನೌಕಾದಂಗೆಯಲ್ಲಿ ನಾವಿಕರಿಗೆ ಒಗ್ಗಟ್ಟಾಗಿರಲು ಹೇಳಿದ ತಪ್ಪಿಗೆ ಮರಣದಂಡನೆಗೆ ಗುರಿಯಾಗಿ, ಅದು ಕಡಿತವಾಗಿ ವಸಾಹತಿಗೆ ಬಂದ ವೈದ್ಯ ಅವನು. ಕೈದಿ ಹಡಗುಗಳ ಸಾವುಗಳ ಬಗ್ಗೆ 1814ರಲ್ಲಿ ಅವನು ಬರೆದ ವರದಿಯ ಫಲವಾಗಿ ಪ್ರತಿ ಹಡಗಿನಲ್ಲೂ ಅಧಿಕಾರವುಳ್ಳ ವೈದ್ಯನಿರುವ ಪದ್ಧತಿ ಬಂತು; ಸಾವುಗಳು ಇಳಿದವು. ನೆಪ್ಚೂನ್‌ನಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದ ವೆಂಟ್‌ವರ್ತ್ ಬರೆಯಬಹುದಾಗಿದ್ದ ವರದಿ ಅದು. ತಾನು ನಿವೃತ್ತನಾಗುವಾಗ ಮುಖ್ಯ ಶಸ್ತ್ರವೈದ್ಯನ ಹುದ್ದೆ ರೆಡ್‌ಫರ್ನ್‌ಗೆ ಸಿಗಲೆಂದು ವೆಂಟ್‌ವರ್ತ್ ಬಯಸಿದ. ಲಂಡನ್ ಮಾತ್ರ ಮಾಜಿ ಕೈದಿಯನ್ನು ಬದಿಗಿಟ್ಟು ಜೇಮ್ಸ್ ಬೋಮನ್‌ನನ್ನು ಕಳಿಸಿತು.

ಕೈದಿ-ಸ್ವತಂತ್ರ ಎಂಬ ಆ ಗೆರೆಯ ಪೆಟ್ಟು ವೆಂಟ್‌ವರ್ತ್ ಮನೆಗೂ ಬಿತ್ತು. 1813ರಲ್ಲಿ ಬ್ಲಾಕ್ಸ್‌ಲ್ಯಾಂಡ್ ಮತ್ತು ಲಾಸನ್ ಜೊತೆ ನೀಲಿ ಪರ್ವತಗಳನ್ನು ದಾಟಿ ಹೆಸರಾಗಿದ್ದ ವಿಲಿಯಂ ಆಗ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ. 1819ರಲ್ಲಿ ಹೆನ್ರಿ ಗ್ರೇ ಬೆನೆಟ್ ಎಂಬ ಸಂಸದ, ಡಾರ್ಸಿ ಶಿಕ್ಷೆಗೊಳಗಾಗಿ ಬಂದವನೆಂದು ಪುಸ್ತಿಕೆಯೊಂದರಲ್ಲಿ ಬರೆದ. ಕೆರಳಿದ ವಿಲಿಯಂ ದಾಖಲೆಗಳ ಬೆನ್ನುಹತ್ತಿದ. ಬೆನೆಟ್ ಮಾತನ್ನು ಹಿಂತೆಗೆದುಕೊಂಡ. ಆದರೆ ತಂದೆ ಕಟಕಟೆಯಲ್ಲಿ ನಿಂತಿದ್ದು ನಿಜವೆಂದು ಮಗನಿಗೆ ತಿಳಿದದ್ದು ಆ ಹುಡುಕಾಟದಲ್ಲೇ. ಅದೇ ವರ್ಷ ಅವನ ಪುಸ್ತಕ ಪ್ರಕಟವಾಯಿತು. ಆಸ್ಟ್ರೇಲಿಯದಲ್ಲಿ ಹುಟ್ಟಿದವನೊಬ್ಬ ಪ್ರಕಟಿಸಿದ ಮೊದಲ ಪುಸ್ತಕ. ಜ್ಯೂರಿ ವಿಚಾರಣೆ, ಚುನಾಯಿತ ಸಭೆ ಬೇಕೆಂಬುದು ಅದರ ಒತ್ತಾಯ. 1824ರಲ್ಲಿ ರಾಬರ್ಟ್ ವಾರ್ಡೆಲ್ ಜೊತೆ ‘ದಿ ಆಸ್ಟ್ರೇಲಿಯನ್’ ಪತ್ರಿಕೆ ಆರಂಭಿಸಿ ಬಿಡುಗಡೆಯಾದ ಕೈದಿಗಳ ಹಕ್ಕಿಗೆ ದನಿಯಾದ. ಈ ಹೋರಾಟವನ್ನು ಬರೀ ಸಿದ್ಧಾಂತದಿಂದ ವಿವರಿಸುವುದು ನನಗೆ ಒಪ್ಪಿತವಲ್ಲ. ಅದರ ಬೇರು ತಾಯಿಯ ಶಿಕ್ಷೆಯಲ್ಲೂ ತಂದೆಯ ಮೊಕದ್ದಮೆಗಳಲ್ಲೂ ಇದೆ.

ಡಾರ್ಸಿ 1827ರ ಜುಲೈ 7ರಂದು ತನ್ನ ಹೋಮ್‌ಬುಷ್ ಎಸ್ಟೇಟಿನಲ್ಲಿ ತೀರಿಕೊಂಡಾಗ ವಸಾಹತಿನ ಅತಿ ದೊಡ್ಡ ಸಿರಿವಂತರಲ್ಲೊಬ್ಬ. ಆ ನೆಲ ವಾಂಗಲ್ ಎಂಬ ಮೂಲನಿವಾಸಿ ಜನರದು. ಅವರನ್ನು ಯಾರೂ ಕೇಳಿರಲಿಲ್ಲ. ಕೊನೆಯ ವರ್ಷಗಳಲ್ಲಿ ಆನ್ ಲಾಸ್ ಎಂಬಾಕೆ ಅವನ ಸಂಗಾತಿ. ಅವಳಲ್ಲಿಯೂ ಹಲವು ಮಕ್ಕಳು; ಆ ಮದುವೆಯೂ ನಡೆಯಲಿಲ್ಲ. ಕ್ಯಾಥರಿನ್‌ಳ ಕಿರಿಯ ಮಗ ಜಾನ್ ನೌಕಾಪಡೆ ಸೇರಿ 1820ರಲ್ಲೇ ಸತ್ತಿದ್ದ. ನಡುವಿನವನು ಸೈನ್ಯದ ಅಧಿಕಾರಿಯಾದ.

ವಿಲಿಯಂನ ಮನೆಯಲ್ಲಿ ಚರಿತ್ರೆ ಮರುಕಳಿಸಿತು. ಕೈದಿ ತಂದೆತಾಯಿಗಳ ಮಗಳಾದ ಸಾರಾ ಕಾಕ್ಸ್ 1825ರಲ್ಲಿ ತನಗೆ ಮದುವೆಯ ಮಾತು ಕೊಟ್ಟು ತಪ್ಪಿದವನ ಮೇಲೆ ದಾವೆ ಹೂಡಿದಳು. ವಿಲಿಯಂ ಅವಳ ವಕೀಲ; ಗೆದ್ದ ಪರಿಹಾರ 100 ಪೌಂಡ್. ಇಬ್ಬರೂ ಒಟ್ಟಿಗೆ ಬಾಳಿ, ಮಕ್ಕಳಾದ ಮೇಲೆ 1829ರಲ್ಲಿ ಮದುವೆಯಾದರು. ತಂದೆ ಇಡದ ಹೆಜ್ಜೆಯನ್ನು ಮಗ ತಡವಾಗಿಯಾದರೂ ಇಟ್ಟ. ಆದರೂ ಸಿಡ್ನಿಯ ಗಣ್ಯ ಹೆಂಗಸರು ಸಾರಾಳನ್ನು ದಶಕಗಳ ಕಾಲ ದೂರವೇ ಇಟ್ಟರು. ಇದೇ ವಿಲಿಯಂ 1853ರಲ್ಲಿ ವಸಾಹತಿಗೆ ವಂಶಪಾರಂಪರ್ಯದ ಶ್ರೀಮಂತವರ್ಗ ಬೇಕೆಂದು ಸೂಚಿಸಿದಾಗ ತರುಣ ವಾಗ್ಮಿ ಡೇನಿಯಲ್ ಡೆನಿಹಿ ಸಾರ್ವಜನಿಕ ಸಭೆಯಲ್ಲಿ ಅದನ್ನು ಗೇಲಿ ಮಾಡಿ ಹೂತುಹಾಕಿದ. ಕೈದಿಯ ಮಗ ಹಾಗೇಕೆ ಬಯಸಿದನೆಂದು ಅನೇಕರು ಅಚ್ಚರಿಪಟ್ಟಿದ್ದಾರೆ. ಹುಟ್ಟಿನ ಕಾರಣಕ್ಕೆ ಅರ್ಧ ಶತಮಾನ ಕಡೆಗಣಿಸಲ್ಪಟ್ಟವನು ಹುಟ್ಟಿನ ಮೇಲೆಯೇ ಗೌರವವನ್ನು ಕಟ್ಟಲು ಹೊರಟದ್ದು ಕ್ಷಮಾರ್ಹವಲ್ಲದಿದ್ದರೂ ಅರ್ಥವಾಗದ್ದೇನಲ್ಲ.

ಜಾನ್ ರಿಚೀ 1997ರಲ್ಲಿ ಪ್ರಕಟಿಸಿದ ತಂದೆ-ಮಗನ ಜೀವನಚರಿತ್ರೆ ಈ ಮನೆತನದ ಅಧ್ಯಯನಕ್ಕೆ ಭದ್ರ ಬುನಾದಿ. ಅದರ ಶೀರ್ಷಿಕೆಯಲ್ಲೂ ಇರುವವರು ಇಬ್ಬರು ಗಂಡಸರೇ. ಡಾರ್ಸಿ ವೈದ್ಯನಾಗಿ ಸಾಧಾರಣ, ಅಧಿಕಾರಿಯಾಗಿ ಚತುರ, ತಂದೆಯಾಗಿ ಹೊಣೆಯರಿತವನು. ಮಾದರಿ ವೈದ್ಯನನ್ನು ಹುಡುಕುವವರು ರೆಡ್‌ಫರ್ನ್‌ನತ್ತ ಹೋಗಬೇಕು. ವೆಂಟ್‌ವರ್ತ್ ಮನೆತನದ ವಂಶಾವಳಿಯನ್ನು ಇನ್ನು ಮುಂದೆ ಬರೆಯುವವರು ಅದನ್ನು ಸ್ಟಾಫರ್ಡ್ ನ್ಯಾಯಾಲಯದ 1788ರ ಆ ಶಿಕ್ಷೆಯ ನಮೂದಿನಿಂದಲೂ ಆರಂಭಿಸಬೇಕು.